ಈಜುಕೊಳದ ಕಂಟ್ರೋಲ್ ಪ್ಯಾನಲ್ ಕೂರಿಸುವುದು, ವೈರಿಂಗ್ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಈಜುಕೊಳಕ್ಕೆ ಆಟೊಮ್ಯಾಟಿಕ್ ಕಂಟ್ರೋಲ್ ಬಂದ ದಿನದಿಂದ ಒಂದು ದೊಡ್ಡ ವ್ಯತ್ಯಾಸ ಆಗುತ್ತದೆ. ಅಲ್ಲಿಯವರೆಗೆ ಪಂಪ್ ಶುರುವಾಗಬೇಕಾದರೆ ಯಾರಾದರೂ ಹೋಗಿ ಸ್ವಿಚ್ ಹಾಕಬೇಕಿತ್ತು. ಈಗ ಅದು ತನ್ನಷ್ಟಕ್ಕೆ ತಾನೇ ಶುರುವಾಗುತ್ತದೆ, ಪಕ್ಕದಲ್ಲಿ ಯಾರಿದ್ದಾರೆ ಅಂತ ನೋಡದೆ. ನೀರು, ಕರೆಂಟು, ಆಸಿಡ್, ಕ್ಲೋರಿನ್ ನಾಲ್ಕೂ ಒಂದೇ ಕಡೆ ಇರುವ ಜಾಗದಲ್ಲಿ ಇದು ಸಣ್ಣ ವಿಷಯ ಅಲ್ಲ. ಯಾವ ಹೊತ್ತಿನಲ್ಲಿ ಏನು ಓಡಬಾರದೋ ಅದು ಓಡದ ಹಾಗೆ ವೈರಿಂಗೇ ತಡೆಯಬೇಕು. ಕೆಳಗಿನ ಉತ್ತರಗಳನ್ನೆಲ್ಲ ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಪ್ಯಾನಲ್ ಒಳಗೆ ಏನೇನಿರುತ್ತದೆ?

ಒಂದು ಕಂಟ್ರೋಲರ್ ಬೋರ್ಡ್, ಅದು ಹೇಳಿದಂತೆ ಕೇಳುವ ರಿಲೇ ಅಥವಾ ಕಾಂಟ್ಯಾಕ್ಟರ್‌ಗಳು (ಆಜ್ಞೆ ಬಂದಾಗ ಪವರ್ ಹಾಕಿ ತೆಗೆಯುವ ಸ್ವಿಚ್‌ಗಳು), ಪ್ರತಿ ಉಪಕರಣಕ್ಕೊಂದು ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್), ಆರ್‌ಸಿಸಿಬಿ (ಕರೆಂಟು ಸೋರಿದರೆ ಬೀಳುವ ಸ್ವಿಚ್), ಮತ್ತು ಕಡಿಮೆ ವೋಲ್ಟೇಜಿಗೆ ಟ್ರಾನ್ಸ್‌ಫಾರ್ಮರ್. ಹೊರಗಿನಿಂದ ಬರುವ ವೈರುಗಳು ಎರಡು ಜಾತಿ. ಪಂಪ್, ಹೀಟರ್, ಬ್ಲೋವರ್‌ಗೆ ಹೋಗುವ ದಪ್ಪ ಪವರ್ ಕೇಬಲ್‌ಗಳು ಒಂದು ಜಾತಿ. ಸೆನ್ಸರ್, ಫ್ಲೋ ಸ್ವಿಚ್ (ನೀರು ಹರಿಯುತ್ತಿದೆಯಾ ಅಂತ ಹೇಳುವುದು), ವಾಲ್ವ್ ಮೋಟಾರ್, ಡೇಟಾ ಇವುಗಳ ಸಣ್ಣ ವೈರುಗಳು ಇನ್ನೊಂದು. ಈ ಎರಡು ಜಾತಿ ಪ್ಯಾನಲ್ ಒಳಗೂ ಬೇರೆ, ಪೈಪಿನಲ್ಲೂ ಬೇರೆ. ಒಳ್ಳೆಯ ಪ್ಯಾನಲ್‌ಗಳಲ್ಲಿ ನಡುವೆ ಒಂದು ತಗಡಿನ ಅಥವಾ ಪ್ಲಾಸ್ಟಿಕ್ ಗೋಡೆಯೇ ಇರುತ್ತದೆ. ಕೆಲಸ ಬೇಗ ಮುಗಿಯಲಿ ಅಂತ ಅದನ್ನು ಕಿತ್ತು ಪಕ್ಕಕ್ಕಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಲು ಬಿಡಬೇಡಿ.

ಇದನ್ನು ನಾನೇ ಮಾಡಿಕೊಳ್ಳಬಹುದಾ?

ಟೈಮ್ ಸೆಟ್ ಮಾಡುವುದು, ಆ್ಯಪ್ ಜೋಡಿಸುವುದು, ಸೆನ್ಸರ್ ಒರೆಸುವುದು, ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತುವುದು ಎಲ್ಲ ನೀವೇ ಮಾಡಿ. ಪವರ್ ವೈರಿಂಗ್, ಅರ್ಥಿಂಗ್, ಬಾಂಡಿಂಗ್, ನೀರೊಳಗಿನ ಲೈಟ್ ಮಾತ್ರ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಆಗಬೇಕು, ಅದೂ ಈಜುಕೊಳದ ಕೆಲಸ ಮಾಡಿ ಗೊತ್ತಿರುವವರ ಕೈಯಲ್ಲಿ. ಮನೆ ವೈರಿಂಗಿನಲ್ಲಿ ಪಳಗಿದ ಕೈಯಾದರೂ ಇಲ್ಲಿನ ನಿಯಮ ಬೇರೆ. ಒಣಗಿದ ಮೈಗಿಂತ ಒದ್ದೆ ಮೈಯಲ್ಲಿ ಕರೆಂಟು ತುಂಬ ಸುಲಭವಾಗಿ ಹರಿಯುತ್ತದೆ. ನೀರಲ್ಲಿರುವವರಿಗೆ ಜೀವ ಹೋಗುವಷ್ಟು ಶಾಕ್ ಹೊಡೆಯಲೇಬೇಕೆಂದಿಲ್ಲ, ಸ್ನಾಯು ಹಿಡಿದುಕೊಂಡು ಈಜಲಾಗದಿದ್ದರೆ ಸಾಕು, ಮುಳುಗುತ್ತಾರೆ.

ಹಾಗಾದರೆ ಇಷ್ಟೆಲ್ಲ ಯಾಕೆ ಓದಬೇಕು ಅಂತೀರಾ? ಕೆಲಸ ಸರಿಯಾಗಿ ಆಗಿದೆಯಾ ಅಂತ ಕೇಳುವುದಕ್ಕೆ. ಕೇಳುವ ಮಾಲೀಕರಿದ್ದಾಗ ಕೆಲಸದ ಮಟ್ಟ ಏರುತ್ತದೆ.

ಪ್ಯಾನಲ್ ನೀರಿನಿಂದ ಎಷ್ಟು ದೂರ ಇರಬೇಕು?

ಬಹಳಷ್ಟು ದೇಶಗಳು ಅನುಸರಿಸುವ ಅಂತರರಾಷ್ಟ್ರೀಯ ವಿದ್ಯುತ್ ನಿಯಮ ಐಇಸಿ 60364-7-702 ಕೊಳದ ಸುತ್ತಲಿನ ಜಾಗವನ್ನು ಮೂರು ವಲಯ ಮಾಡುತ್ತದೆ. ಕೊಳದ ಒಳಗೆ ವಲಯ 0. ಅಂಚಿನಿಂದ 2 ಮೀಟರ್ ದೂರ, 2.5 ಮೀಟರ್ ಎತ್ತರದವರೆಗೆ ವಲಯ 1. ಅಲ್ಲಿಂದ ಇನ್ನೂ 1.5 ಮೀಟರ್ ವಲಯ 2. ಅಂದರೆ ಅಂಚಿನಿಂದ 3.5 ಮೀಟರ್ ದಾಟಿದರೆ ಮೂರೂ ವಲಯದಿಂದ ಹೊರಗೆ ಬಂದಂತೆ. ಪ್ಯಾನಲ್‌ಗೆ ಅಲ್ಲೇ ಜಾಗ ಹುಡುಕಿ.

ಅಮೆರಿಕದ ವಿದ್ಯುತ್ ನಿಯಮಾವಳಿ ಎನ್‌ಇಸಿಯ ಆರ್ಟಿಕಲ್ 680ರ ಲೆಕ್ಕ ಬೇರೆ. ಅದರಲ್ಲಿ ಸ್ವಿಚ್‌ಗಳು ಕೊಳದ ಒಳಗೋಡೆಯಿಂದ ಸಾಮಾನ್ಯವಾಗಿ ಕನಿಷ್ಠ 5 ಅಡಿ ದೂರ ಇರಬೇಕು. ನಿಮ್ಮಲ್ಲಿ ಯಾವ ನಿಯಮ ನಡೆಯುತ್ತದೋ ಅದನ್ನೇ ಹಿಡಿಯಿರಿ. ಆದರೆ ನಿಯಮ ಹೇಳುವುದು ಕನಿಷ್ಠ ದೂರ. ಜಾಗ ಇದ್ದಾಗ ಇನ್ನೂ ದೂರ ಹೋಗುವುದಕ್ಕೆ ಯಾರೂ ಬೇಡ ಅನ್ನುವುದಿಲ್ಲ.

ನನ್ನ ಅಳತೆ ಸರಳ. ನೀರಲ್ಲಿ ಕಾಲಿಟ್ಟುಕೊಂಡವರ ಕೈ ಪ್ಯಾನಲ್‌ಗೆ ತಾಗಬಾರದು. ಪ್ಯಾನಲ್ ಮುಂದೆ ನಿಂತವರಿಗೆ ಪಂಪು ಕಣ್ಣಿಗೆ ಕಾಣಬೇಕು.

ಪಂಪ್ ರೂಮಿನೊಳಗೇ ಪ್ಯಾನಲ್ ಹಾಕಬಹುದಾ?

ಹಾಕಬಹುದು, ಆಸಿಡ್ ಮತ್ತು ಕ್ಲೋರಿನ್ ಅಲ್ಲೇ ಇಡುವುದಿಲ್ಲ ಅಂತಾದರೆ. ಮುಚ್ಚಿದ ಕ್ಯಾನಿನಿಂದಲೂ ಹೈಡ್ರೋಕ್ಲೋರಿಕ್ ಆಸಿಡ್ ಹೊಗೆ ಸ್ವಲ್ಪ ಸ್ವಲ್ಪ ಹೊರಬರುತ್ತಲೇ ಇರುತ್ತದೆ. ಅದು ತಾಮ್ರದ ತುದಿಗಳನ್ನು ಹಸಿರಾಗಿಸುತ್ತದೆ, ರಿಲೇ ಕಾಂಟ್ಯಾಕ್ಟ್‌ಗಳನ್ನು ತಿನ್ನುತ್ತದೆ, ಸ್ಕ್ರೂಗಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಟರ್ಮಿನಲ್ ಬಿಸಿಯಾಗುತ್ತದೆ, ಬಿಸಿಯಾದ ಟರ್ಮಿನಲ್ ಇನ್ನೂ ಬೇಗ ತುಕ್ಕು ಹಿಡಿಯುತ್ತದೆ. ಕೆಮಿಕಲ್‌ಗೆ ಗಾಳಿ ಆಡುವ ಬೇರೆ ಜಾಗ ಬೇಕೇ ಬೇಕು. ಆಸಿಡ್ ಮತ್ತು ಕ್ಲೋರಿನ್ ಅಕ್ಕಪಕ್ಕ ಇಡುವುದಂತೂ ಎಲ್ಲೂ ಬೇಡ.

ಹೊರಗೆ ಮಳೆಗೆ ಒಡ್ಡುವ ಪ್ಯಾನಲ್ ಆದರೆ ಐಪಿ65 (ಧೂಳು, ಚಿಮ್ಮುವ ನೀರು ಒಳಗೆ ಬಿಡದ) ಡಬ್ಬಿ ಒಳ್ಳೆಯದು. ಆದರೆ ಐಪಿ65 ಡಬ್ಬಿಗೆ ಮೇಲಿನಿಂದ ತೂತು ಕೊರೆದು ಕೇಬಲ್ ಇಳಿಸಿದರೆ ಆ ನಂಬರಿಗೆ ಅರ್ಥ ಉಳಿಯುವುದಿಲ್ಲ. ಕೇಬಲ್ ಕೆಳಗಿನಿಂದ ಬರಲಿ, ಪ್ರತಿ ಕೇಬಲ್‌ಗೂ ಸರಿಯಾದ ಸೈಜಿನ ಗ್ಲ್ಯಾಂಡ್ (ಕೇಬಲನ್ನು ಬಿಗಿಯಾಗಿ ಹಿಡಿದು ತೂತು ಮುಚ್ಚುವ ಬಿರಡೆ) ಇರಲಿ. ನೆಲದಿಂದ ಬರುವ ಪೈಪಿನ ಬಾಯಿಯನ್ನು ಸೀಲ್ ಮಾಡಿ. ಆ ಪೈಪಿನೊಳಗಿಂದ ತೇವವೂ ಬರುತ್ತದೆ, ಇರುವೆ ಹಲ್ಲಿಗಳೂ ಬರುತ್ತವೆ. ಕಾಂಟ್ಯಾಕ್ಟರ್ ಸಂದಿಯಲ್ಲಿ ಇರುವೆಗಳು ಸಿಕ್ಕಿಕೊಂಡು ಪಂಪ್ ನಿಂತುಹೋಗುವುದು ನಿಜವಾಗಿಯೂ ಆಗುತ್ತದೆ.

ಅರ್ಥಿಂಗ್ ಇದೆಯಲ್ಲ, ಬಾಂಡಿಂಗ್ ಅಂತ ಬೇರೆ ಯಾಕೆ?

ಎರಡರ ಕೆಲಸ ಬೇರೆ ಬೇರೆ. ಫೇಸ್ ವೈರು ಎಲ್ಲಾದರೂ ಲೋಹಕ್ಕೆ ತಾಗಿದರೆ, ಆ ಕರೆಂಟು ಹಿಂದಿರುಗಿ ಹೋಗಿ ಎಂಸಿಬಿ ಬೀಳಿಸುವುದಕ್ಕೆ ದಾರಿ ಕೊಡುವುದು ಅರ್ಥಿಂಗ್. ಕೊಳದ ಸುತ್ತ ಕೈಗೆ ಸಿಗುವ ಎಲ್ಲ ಲೋಹವನ್ನೂ ಒಂದೇ ವೋಲ್ಟೇಜಿನಲ್ಲಿ ಇಡುವುದು ಬಾಂಡಿಂಗ್. ಶಾಕ್ ಹೊಡೆಯಬೇಕಾದರೆ ಎರಡು ಜಾಗದ ನಡುವೆ ವೋಲ್ಟೇಜ್ ವ್ಯತ್ಯಾಸ ಇರಬೇಕು. ಏಣಿಯ ಮೇಲೆ ಕೈ, ನೀರಲ್ಲಿ ಕಾಲು. ಎರಡೂ ಒಂದೇ ವೋಲ್ಟೇಜಿನಲ್ಲಿದ್ದರೆ ಮೈಯಲ್ಲಿ ಕರೆಂಟು ಹರಿಯುವುದಕ್ಕೆ ಕಾರಣವೇ ಇಲ್ಲ.

ಆದ್ದರಿಂದ ಕಾಂಕ್ರೀಟಿನೊಳಗಿನ ಕಬ್ಬಿಣ, ಏಣಿ, ಕೈಹಿಡಿ, ಲೈಟಿನ ಗೂಡು, ಪಂಪ್ ಮೋಟಾರಿನ ಮೈ, ಹೀಟರ್, ಹತ್ತಿರದ ಲೋಹದ ಪೈಪು ಎಲ್ಲವನ್ನೂ ತಾಮ್ರದ ತಂತಿಯಲ್ಲಿ ಒಂದಕ್ಕೊಂದು ಸೇರಿಸಬೇಕು. ಎನ್‌ಇಸಿ ಪ್ರಕಾರ ಅದು 8 ಎಡಬ್ಲ್ಯುಜಿಗಿಂತ ಸಣ್ಣದಲ್ಲದ ಗಟ್ಟಿ ತಾಮ್ರ, ಅಂದರೆ ಸುಮಾರು 8.4 ಚದರ ಮಿಲಿಮೀಟರ್. ಕೊಳದ ಸುತ್ತ ಜನ ಓಡಾಡುವ ನೆಲವೂ 3 ಅಡಿಯವರೆಗೆ ಇದಕ್ಕೆ ಸೇರಿರಬೇಕು. ಐಇಸಿ ದಾರಿಯಲ್ಲಿ ಬಾಂಡಿಂಗ್ ತಂತಿಯನ್ನು ಉಪಕರಣಗಳ ಅರ್ಥ್ ವೈರಿಗೂ ಸೇರಿಸುತ್ತಾರೆ.

ಪಂಪ್ ಮೋಟಾರಿನ ಹೊರಮೈ ಮೇಲೆ ಒಂದು ತಾಮ್ರದ ಅಥವಾ ಹಿತ್ತಾಳೆಯ ಲಗ್ ಇರುತ್ತದೆ, ನೋಡಿರಬಹುದು. ಅದು ಬಾಂಡಿಂಗಿಗೆಂದೇ ಇರುವುದು. ಎಷ್ಟೋ ಕಡೆ ಪಂಪ್ ಬದಲಾಯಿಸುವಾಗ ಬಿಚ್ಚಿದ ತಂತಿಯನ್ನು ಹೊಸ ಪಂಪಿಗೆ ಮತ್ತೆ ಕಟ್ಟದೆ ಬಿಟ್ಟಿರುತ್ತಾರೆ. ಪಂಪೇನೋ ಚೆನ್ನಾಗಿಯೇ ಓಡುತ್ತದೆ, ಹಾಗಾಗಿ ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ಇವತ್ತೇ ಹೋಗಿ ಆ ಲಗ್ಗಿನಲ್ಲಿ ತಂತಿ ಇದೆಯಾ ನೋಡಿ.

ಆರ್‌ಸಿಸಿಬಿ ಎಷ್ಟು ಮಿಲಿಆಂಪಿಯರ್‌ದು ಹಾಕಬೇಕು?

ಐಇಸಿ ನಿಯಮ ನಡೆಯುವ ಕಡೆ 30 ಮಿಲಿಆಂಪಿಯರ್ ಮೀರಬಾರದು. ಅಮೆರಿಕದಲ್ಲಿ ಬಳಸುವ ಜಿಎಫ್‌ಸಿಐ ಇನ್ನೂ ಸೂಕ್ಷ್ಮ, 4ರಿಂದ 6 ಮಿಲಿಆಂಪಿಯರ್‌ಗೇ ಬೀಳುತ್ತದೆ. 100 ಅಥವಾ 300 ಮಿಲಿಆಂಪಿಯರ್‌ನವು ಬೆಂಕಿ ತಡೆಯುವುದಕ್ಕೆ ಇರುವಂಥವು, ಜೀವ ಉಳಿಸುವುದಕ್ಕಲ್ಲ. ಮನೆಯ ಮೇನ್‌ನಲ್ಲಿ ಒಂದಿದೆ, ಸಾಕು ಅಂದುಕೊಳ್ಳುವ ಮುಂಚೆ ಅದರ ಮೇಲೆ ಬರೆದಿರುವ ನಂಬರ್ ಓದಿ.

ಸಾಧ್ಯವಾದರೆ ಪಂಪಿಗೊಂದು, ಲೈಟಿಗೊಂದು, ಹೀಟರಿಗೊಂದು ಬೇರೆ ಬೇರೆ ಹಾಕಿಸಿ. ಎಲ್ಲಕ್ಕೂ ಸೇರಿ ಒಂದೇ ಇದ್ದರೆ ಲೈಟಿನ ಗೂಡಿಗೆ ನೀರು ಹೋದಾಗ ಪಂಪೂ ನಿಲ್ಲುತ್ತದೆ. ಆಮೇಲೆ ಯಾರೋ ಬೇಸತ್ತು ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡುತ್ತಾರೆ. ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ. ಒತ್ತಿದರೂ ಬೀಳದಿದ್ದರೆ ಅವತ್ತೇ ಬದಲಾಯಿಸಿ, ಅಲ್ಲಿಯವರೆಗೆ ಕೊಳಕ್ಕೆ ಯಾರೂ ಇಳಿಯುವುದು ಬೇಡ.

ಸ್ಕ್ರೀನ್ ಮೇಲೆ ‘ಆಫ್’ ಅಂತ ಇದೆ. ಪಂಪ್ ಬಿಚ್ಚಬಹುದಲ್ವಾ?

ಬೇಡ. ಸ್ಕ್ರೀನ್ ಹೇಳುವುದು ಕಂಟ್ರೋಲರ್ ಏನು ಆಜ್ಞೆ ಕೊಟ್ಟಿದೆ ಅಂತ. ವೈರಿನಲ್ಲಿ ಕರೆಂಟು ಇದೆಯೋ ಇಲ್ಲವೋ ಅದಕ್ಕೆ ಗೊತ್ತಿರುವುದಿಲ್ಲ. ಕಾಂಟ್ಯಾಕ್ಟರಿನ ತುದಿಗಳು ಬಿಸಿಗೆ ಬೆಸೆದುಕೊಂಡಿದ್ದರೆ ಆಫ್ ಅಂದರೂ ಅದು ಬಿಡುವುದಿಲ್ಲ. ಎರಡು ಲೈವ್ ವೈರ್ ಇರುವ 240 ವೋಲ್ಟ್ ಸರಬರಾಜಿನಲ್ಲಿ ಒಂದೇ ವೈರ್ ಕತ್ತರಿಸುವ ರಿಲೇ ಹಾಕಿದ್ದರೆ ಪಂಪ್ ನಿಲ್ಲುತ್ತದೆ ನಿಜ, ಇನ್ನೊಂದು ವೈರಿನಲ್ಲಿ ಕರೆಂಟು ಮೋಟಾರಿನವರೆಗೂ ಬಂದು ಕೂತಿರುತ್ತದೆ.

ಇನ್ನೊಂದು ಇದೆ, ಅದೇ ಹೆಚ್ಚು ಭಯದ್ದು. ಮುಚ್ಚಳ ಬಿಚ್ಚಿ ಸ್ಟ್ರೈನರ್ ಬುಟ್ಟಿಯಿಂದ ಎಲೆ ತೆಗೆಯುತ್ತಿದ್ದೀರಿ, ಕೈ ಮೊಣಕೈವರೆಗೆ ಒಳಗಿದೆ. ಗಡಿಯಾರ ನಾಲ್ಕು ಗಂಟೆ ಆಯಿತು. ಶೆಡ್ಯೂಲ್ ಪ್ರಕಾರ ಪಂಪ್ ಶುರು. ಅಥವಾ ಮನೆಯೊಳಗಿಂದ ಯಾರೋ ಸುಮ್ನೆ ಆ್ಯಪ್ ಒತ್ತಿದರು. ಅಥವಾ ಹೋಗಿದ್ದ ಕರೆಂಟು ಬಂತು.

ಹಾಗಾಗಿ ಪಂಪಿನ ಪಕ್ಕದಲ್ಲೇ ಕಣ್ಣಿಗೆ ಕಾಣುವ ಕಡೆ ಕೈಯಿಂದ ತಿರುಗಿಸುವ ಐಸೊಲೇಟರ್ ಇರಲೇಬೇಕು, ಎಲ್ಲ ಲೈವ್ ವೈರುಗಳನ್ನೂ ಕತ್ತರಿಸುವಂಥದ್ದು, ಬೀಗ ಹಾಕಲು ಬರುವಂಥದ್ದು. ಆಫ್ ಮಾಡಿ, ಬೀಗ ಹಾಕಿ, ಬೀಗದ ಕೈ ಜೇಬಲ್ಲಿ ಇಟ್ಟುಕೊಳ್ಳಿ. ಟರ್ಮಿನಲ್ ಮುಟ್ಟುವ ಕೆಲಸವಾದರೆ ಎಲೆಕ್ಟ್ರಿಷಿಯನ್ ಮೀಟರನ್ನು ಮೊದಲು ಕರೆಂಟಿರುವ ಜಾಗದಲ್ಲಿ ಹಿಡಿದು ಅದು ಸರಿ ಇದೆ ಅಂತ ನೋಡಬೇಕು, ಆಮೇಲೆ ಇಲ್ಲಿ, ಆಮೇಲೆ ಮತ್ತೆ ಕರೆಂಟಿರುವ ಕಡೆ. ಕೆಟ್ಟ ಮೀಟರೂ ಸೊನ್ನೆ ತೋರಿಸುತ್ತದಲ್ಲ.

ಜನ ಸೇರುವ ಕೊಳವಾದರೆ ನೀರಿನ ಕಡೆಯಿಂದ ಓಡಿಬಂದು ಒತ್ತಬಹುದಾದ ಕೆಂಪು ಎಮರ್ಜೆನ್ಸಿ ಬಟನ್ ಬೇಕು. ಅದು ಕಾಂಟ್ಯಾಕ್ಟರಿನ ಕಾಯಿಲ್ ಸರ್ಕ್ಯೂಟನ್ನೇ (ಕಾಂಟ್ಯಾಕ್ಟರನ್ನು ಆನ್‌ನಲ್ಲಿ ಹಿಡಿದಿಡುವ ಸುರುಳಿಯ ಕರೆಂಟನ್ನೇ) ನೇರವಾಗಿ ಕಡಿಯಬೇಕು, ಕಂಟ್ರೋಲರಿಗೆ ಒಂದು ಸಂದೇಶ ಕಳಿಸಿ ಸುಮ್ಮನಾಗುವ ಹಾಗಿರಬಾರದು. ತಳದ ಡ್ರೈನಿನ ಹೀರುವಿಕೆಗೆ ಕೂದಲೋ ಮೈಯೋ ಸಿಕ್ಕಿಕೊಂಡಾಗ ಪಂಪ್ ನಿಲ್ಲಿಸಲು ಸೆಕೆಂಡುಗಳಷ್ಟೇ ಇರುತ್ತವೆ. ಬಟನ್ ಮತ್ತೆ ಮೇಲೆತ್ತಿದಾಗ ಪಂಪ್ ತಾನೇ ಶುರುವಾಗಲೂ ಬಾರದು. ಯಾರಾದರೂ ಬಂದು ಸ್ಟಾರ್ಟ್ ಒತ್ತಬೇಕು.

ಕಾಂಟ್ಯಾಕ್ಟರ್ ಮತ್ತು ಓವರ್‌ಲೋಡ್ ರಿಲೇ ಹೇಗೆ ಆರಿಸುವುದು?

ಮೋಟಾರು ಶುರುವಾಗುವ ಕ್ಷಣದಲ್ಲಿ ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಆದ್ದರಿಂದ ಕಾಂಟ್ಯಾಕ್ಟರ್ ಮೇಲೆ ಎಸಿ-3 ಅಂತ ಬರೆದಿರುವ ಆಂಪಿಯರ್ ನೋಡಿ. ಎಸಿ-1 ನಂಬರ್ ದೊಡ್ಡದಾಗಿ ಕಾಣುತ್ತದೆ, ಅದು ಹೀಟರ್ ಕಾಯಿಲ್‌ನಂಥ ಲೋಡಿಗೆ. ಓವರ್‌ಲೋಡ್ ರಿಲೇಯನ್ನು ಮೋಟಾರಿನ ನೇಮ್‌ಪ್ಲೇಟಿನಲ್ಲಿರುವ ಆಂಪಿಯರ್‌ಗೆ ಕೂರಿಸಿ. ಪಂಪ್ ಪದೇ ಪದೇ ಬೀಳುತ್ತದೆ ಅಂತ ಅದನ್ನು ಮೇಲಕ್ಕೆ ತಿರುಗಿಸುತ್ತಾ ಹೋದರೆ ಒಂದು ದಿನ ವೈಂಡಿಂಗ್ ಸುಡುತ್ತದೆ. ರಿಸೆಟ್ ‘ಮ್ಯಾನುಯಲ್’ನಲ್ಲೇ ಇರಲಿ. ‘ಆಟೊ’ದಲ್ಲಿದ್ದರೆ ಬಿದ್ದ ಪಂಪ್ ತಣ್ಣಗಾದ ಮೇಲೆ, ನೀವು ಅದರ ಮೇಲೆ ಬಗ್ಗಿ ನೋಡುತ್ತಿರುವಾಗಲೇ, ಮತ್ತೆ ಶುರುವಾಗಬಹುದು.

ತ್ರೀ ಫೇಸ್ ಪಂಪಾದರೆ ಒಂದು ಫೇಸ್ ಹೋದಾಗ ನಿಲ್ಲಿಸುವ ಪ್ರಿವೆಂಟರ್ ಹಾಕಿಸಿ. ತಿರುಗುವ ದಿಕ್ಕನ್ನೂ ನೋಡಿ. ಉಲ್ಟಾ ತಿರುಗಿದರೂ ಪಂಪ್ ಸ್ವಲ್ಪ ನೀರು ತಳ್ಳುತ್ತದೆ, ಹಾಗಾಗಿ ಮೋಸ ಹೋಗುವುದು ಸುಲಭ.

ವೇರಿಯಬಲ್ ಸ್ಪೀಡ್ ಪಂಪಿಗೂ ಕಾಂಟ್ಯಾಕ್ಟರ್ ಬೇಕಾ?

ಅದರ ಮ್ಯಾನುಯಲ್ ಏನು ಹೇಳುತ್ತದೋ ಹಾಗೆ. ಅಂಥ ಬಹಳಷ್ಟು ಪಂಪುಗಳಿಗೆ ಪವರ್ ಸದಾ ಇರಬೇಕು, ಓಡು ನಿಲ್ಲು ಅನ್ನುವ ಆಜ್ಞೆ ಡೇಟಾ ವೈರಿನಲ್ಲಿ ಬರುತ್ತದೆ. ಪವರನ್ನೇ ದಿನಕ್ಕೆ ಹಲವು ಸಲ ಕಡಿದು ಕೊಟ್ಟರೆ ಒಳಗಿನ ಡ್ರೈವ್ (ಸ್ಪೀಡ್ ಬದಲಿಸುವ ಎಲೆಕ್ಟ್ರಾನಿಕ್ ಭಾಗ) ಹಾಳಾಗುತ್ತದೆ. ಸ್ಪೀಡ್ ಅರ್ಧ ಮಾಡಿದರೆ ಲೆಕ್ಕದ ಪ್ರಕಾರ ಪವರ್ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಉಳಿತಾಯ ಬರುವುದು ಅಲ್ಲಿಂದ. ಆದರೆ ಈ ಪಂಪ್ ನಿಂತಿರುವಾಗಲೂ ಅದರ ತನಕ ಕರೆಂಟು ಬಂದಿರುತ್ತದೆ ಅನ್ನುವುದನ್ನು ಮರೆಯಬೇಡಿ. ಐಸೊಲೇಟರ್ ಆಫ್ ಮಾಡಿದ ಮೇಲೂ ಡ್ರೈವಿನ ಕೆಪಾಸಿಟರ್ ಖಾಲಿಯಾಗಲು ಕೆಲವು ನಿಮಿಷ ಬೇಕು, ಎಷ್ಟು ಅಂತ ಮುಚ್ಚಳದ ಮೇಲೇ ಬರೆದಿರುತ್ತದೆ.

ನೀರೊಳಗಿನ ಲೈಟಿಗೆ 12 ವೋಲ್ಟ್ ಯಾಕೆ? ಯಾವ ಟ್ರಾನ್ಸ್‌ಫಾರ್ಮರ್ ಆದರೂ ನಡೆಯುತ್ತದಾ?

ನೀರಲ್ಲಿ ಮುಳುಗಿದ ದೇಹಕ್ಕೆ ಅಪಾಯವಾಗದಷ್ಟು ಕಡಿಮೆ ಇರಲಿ ಅಂತ 12 ವೋಲ್ಟ್. ಐಇಸಿಯಲ್ಲಿ ಕೊಳದ ಒಳಗೆ 12 ವೋಲ್ಟ್ ಎಸಿ ಅಥವಾ 30 ವೋಲ್ಟ್ ಡಿಸಿ ಮಿತಿ. ಟ್ರಾನ್ಸ್‌ಫಾರ್ಮರ್ ಈಜುಕೊಳಕ್ಕೆಂದೇ ಮಾಡಿದ ಐಸೊಲೇಟಿಂಗ್ ಜಾತಿಯದ್ದೇ ಆಗಬೇಕು, ಅದೂ ಆ ಮೂರು ವಲಯಗಳಿಂದ ಹೊರಗೆ. ತೋಟದ ಲೈಟಿಗೆ ಬರುವುದು, ಸೀಲಿಂಗ್ ಲೈಟಿಗೆ ಬರುವುದು ಇಲ್ಲಿಗೆ ಬೇಡ. ಒಳಗಿನ ಎರಡು ವೈಂಡಿಂಗ್ ನಡುವಿನ ಬೇರ್ಪಡೆ ಕೆಟ್ಟರೆ 230 ವೋಲ್ಟ್ ನೇರವಾಗಿ ನೀರಿಗೆ ಬರುತ್ತದೆ.

12 ವೋಲ್ಟ್ ಅಂದರೆ ವೈರ್ ಸಣ್ಣದಿದ್ದರೂ ಸಾಕು ಅನ್ನುವುದು ತಪ್ಪು ಲೆಕ್ಕ. 100 ವ್ಯಾಟಿನ ಲೈಟು 230 ವೋಲ್ಟಿನಲ್ಲಿ ಅರ್ಧ ಆಂಪಿಯರೂ ಎಳೆಯುವುದಿಲ್ಲ, 12 ವೋಲ್ಟಿನಲ್ಲಿ 8 ಆಂಪಿಯರ್ ದಾಟುತ್ತದೆ. ಮೂರು ಲೈಟಿಗೆ 25 ಆಂಪಿಯರ್. ವೈರ್ ಸಣ್ಣದಾದರೆ ಕೊನೆಯ ಲೈಟ್ ಮಂಕಾಗುತ್ತದೆ, ಟರ್ಮಿನಲ್ ಕಂದು ಬಣ್ಣಕ್ಕೆ ತಿರುಗುತ್ತದೆ.

ಲೈಟಿನ ಕೇಬಲಿಗೆ ನೀರೊಳಗೆ ಜಾಯಿಂಟ್ ಮಾಡುವ ಹಾಗಿಲ್ಲ. ಲೈಟನ್ನು ಬಿಚ್ಚಿ ದಡದ ಮೇಲಿಟ್ಟು ರಿಪೇರಿ ಮಾಡುವಷ್ಟು ಉದ್ದದ ಕೇಬಲನ್ನು ಗೂಡಿನಲ್ಲಿ ಸುತ್ತಿಟ್ಟಿರಬೇಕು. ಕೊಳ ಖಾಲಿ ಮಾಡುವಾಗ ಲೈಟಿನ ಶೆಡ್ಯೂಲನ್ನೂ ತೆಗೆದುಬಿಡಿ. ನೀರಿನಿಂದಲೇ ತಣ್ಣಗಾಗುವ ಲೈಟು ಒಣಗಿದ ಕೊಳದಲ್ಲಿ ಉರಿದರೆ ಗಾಜು ಒಡೆಯಬಹುದು.

ಸೆನ್ಸರ್ ಮತ್ತು ಡೇಟಾ ವೈರುಗಳನ್ನು ಪವರ್ ಪೈಪಿನಲ್ಲೇ ಎಳೆದರೆ ಏನು ತೊಂದರೆ?

ಎರಡು ತೊಂದರೆ. ಪವರ್ ಕೇಬಲಿನ ಇನ್ಸುಲೇಷನ್ ಎಲ್ಲಾದರೂ ಕಿತ್ತುಹೋದರೆ ನೀವು ಕೈಯಲ್ಲಿ ಹಿಡಿಯುವ ಸೆನ್ಸರಿಗೆ ಮೇನ್ ಕರೆಂಟು ಬರುತ್ತದೆ. ಅಷ್ಟಾಗದಿದ್ದರೂ ಪವರ್ ಕೇಬಲಿನ ವಿದ್ಯುತ್ ಗದ್ದಲ ಸೇರಿಕೊಂಡು ರೀಡಿಂಗ್ ಕುಣಿಯುತ್ತದೆ. ಕಂಟ್ರೋಲರ್ ಮತ್ತು ಪಂಪ್ ಮಾತಾಡಿಕೊಳ್ಳುವ ಆರ್‌ಎಸ್-485 ಡೇಟಾ ವೈರು ತಿರುಚಿದ ಜೋಡಿಯೇ ಆಗಿರಲಿ, ಒಂದರಿಂದ ಒಂದಕ್ಕೆ ಸಾಲಾಗಿ ಹೋಗಲಿ. ಪ್ಲಸ್ ಮೈನಸ್ ಅದಲುಬದಲಾದರೆ ಏನೂ ಸುಡುವುದಿಲ್ಲ, ಪಂಪ್ ಮಾತಾಡುವುದಿಲ್ಲ ಅಷ್ಟೆ.

ಆಸಿಡ್ ಮತ್ತು ಕ್ಲೋರಿನ್ ಡೋಸಿಂಗ್ ಪಂಪ್‌ಗಳನ್ನು ಹೇಗೆ ಜೋಡಿಸಬೇಕು?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ.

ಕೊಳದ ನೀರು ತಿರುಗಿಸುವ ದೊಡ್ಡ ಪಂಪ್ ಓಡುತ್ತಿರುವಾಗ ಡೋಸಿಂಗ್ ಪಂಪ್‌ಗಳು ಆಸಿಡ್ ಮತ್ತು ಲಿಕ್ವಿಡ್ ಕ್ಲೋರಿನನ್ನು ಸ್ವಲ್ಪ ಸ್ವಲ್ಪವೇ ಪೈಪಿಗೆ ಬಿಡುತ್ತವೆ. ಹರಿಯುವ ನೀರಲ್ಲಿ ಅವು ತಕ್ಷಣ ಕರಗಿ ತೆಳುವಾಗುತ್ತವೆ. ಈಗ ದೊಡ್ಡ ಪಂಪ್ ನಿಂತಿತು ಅಂದುಕೊಳ್ಳಿ, ಡೋಸಿಂಗ್ ಮಾತ್ರ ನಿಲ್ಲಲಿಲ್ಲ. ನಿಂತ ನೀರಿನ ಪೈಪಿನೊಳಗೆ ಆಸಿಡ್ ಮತ್ತು ಹೈಪೋಕ್ಲೋರೈಟ್ (ಅದೇ ಲಿಕ್ವಿಡ್ ಕ್ಲೋರಿನ್) ತೆಳುವಾಗದೆಯೇ ಒಂದಕ್ಕೊಂದು ಸೇರುತ್ತವೆ. ಹೊರಬರುವುದು ಕ್ಲೋರಿನ್ ಗ್ಯಾಸ್. ಆಮೇಲೆ ಯಾರೋ ದೊಡ್ಡ ಪಂಪ್ ಶುರು ಮಾಡುತ್ತಾರೆ. ಪೈಪಿನಲ್ಲಿ ತುಂಬಿದ್ದ ಗ್ಯಾಸ್ ನೀರು ಬರುವ ತೂತುಗಳಿಂದ ಹಳದಿ ಹಸಿರು ಗುಳ್ಳೆಯಾಗಿ ಮೇಲೆ ಬರುತ್ತದೆ, ಮಕ್ಕಳು ಆಡುತ್ತಿರುವ ಜಾಗಕ್ಕೇ. ಗಾಳಿಗಿಂತ ಭಾರವಾದ ಗ್ಯಾಸು ನೀರಿನ ಮೇಲ್ಮೈಯಲ್ಲೇ, ಈಜುವವರು ಉಸಿರಾಡುವ ಮಟ್ಟದಲ್ಲೇ ನಿಲ್ಲುತ್ತದೆ. ಇಂಥ ಅಪಘಾತಗಳು ನಡೆದಿವೆ, ಜನ ಆಸ್ಪತ್ರೆ ಸೇರಿದ್ದಾರೆ.

ತಡೆಯುವುದು ವೈರಿಂಗಿನ ಕೆಲಸ. ಡೋಸಿಂಗ್ ಪಂಪಿಗೆ ಕರೆಂಟು ಸಿಗಬೇಕಾದರೆ ಎರಡು ಬಾಗಿಲು ತೆರೆದಿರಬೇಕು. ಒಂದು, ದೊಡ್ಡ ಪಂಪಿನ ಕಾಂಟ್ಯಾಕ್ಟರ್ ಎಳೆದುಕೊಂಡಿರಬೇಕು (ಅಂದರೆ ಆನ್ ಆಗಿರಬೇಕು), ಅದರ ಆಕ್ಸಿಲರಿ ಕಾಂಟ್ಯಾಕ್ಟ್ (ಅದರ ಜೊತೆಗೇ ಆನ್ ಆಗುವ ಸಣ್ಣ ಸ್ವಿಚ್) ಮೂಲಕ ಕರೆಂಟು ಬರಲಿ. ಕಾಂಟ್ಯಾಕ್ಟರ್ ಇಲ್ಲದ ವೇರಿಯಬಲ್ ಸ್ಪೀಡ್ ಪಂಪಾದರೆ ಅದರ ಡ್ರೈವ್ ಕೊಡುವ ‘ಓಡುತ್ತಿದೆ’ ಕಾಂಟ್ಯಾಕ್ಟ್ ಬಳಸಿ. ಎರಡು, ನೀರು ನಿಜವಾಗಿ ಹರಿಯುತ್ತಿದೆ ಅಂತ ಫ್ಲೋ ಸ್ವಿಚ್ ಹೇಳಬೇಕು. ಎರಡೂ ಸೀರೀಸ್‌ನಲ್ಲಿ. ಕಾಂಟ್ಯಾಕ್ಟರ್ ಎಳೆದಿದ್ದರೂ ಪಂಪಿಗೆ ಗಾಳಿ ಹಿಡಿದು ನೀರು ಬಾರದೇ ಇರಬಹುದು. ಫ್ಲೋ ಸ್ವಿಚ್ಚಿನೊಳಗೆ ನೀರು ತಳ್ಳುವ ಪಟ್ಟಿ ಕಸ ಸಿಕ್ಕಿ ಆನ್‌ನಲ್ಲೇ ನಿಂತುಬಿಡಬಹುದು. ಒಂದು ಕೈಕೊಟ್ಟಾಗ ಇನ್ನೊಂದು ಹಿಡಿಯುತ್ತದೆ. ಕಂಟ್ರೋಲರಿನ ಸಾಫ್ಟ್‌ವೇರ್ ಲೆಕ್ಕ ಇವೆರಡರ ಮೇಲೆ ಮೂರನೆಯದ್ದಾಗಿ ಇರಲಿ.

ಎಲ್ಲೆಡೆ ಕಾಣುವ ಅಪಾಯ ಒಂದಿದೆ. ಡೋಸಿಂಗ್ ಪಂಪಿಗೆ ಮಾಮೂಲಿ ಪ್ಲಗ್ ಇರುತ್ತದೆ. ಪ್ಯಾನಲ್ಲಿನ ಸಾಕೆಟ್ ಕೆಟ್ಟ ದಿನ ಯಾರೋ ಅದನ್ನು ಕಿತ್ತು ಗೋಡೆಯ ಸಾಕೆಟ್ಟಿಗೆ ಚುಚ್ಚುತ್ತಾರೆ, ಅಲ್ಲಿಗೆ ಇಂಟರ್‌ಲಾಕ್ (ಆ ಎರಡು ಬಾಗಿಲಿನ ತಡೆ) ಕಥೆ ಮುಗಿಯಿತು. ಅದಕ್ಕೇ ಡೋಸಿಂಗ್ ಪಂಪಿನ ಪ್ಲಗ್ ಬೇರೆ ಯಾವ ಸಾಕೆಟ್ಟಿಗೂ ಹೋಗದ ಆಕಾರದ್ದಾಗಿರಲಿ, ಇಲ್ಲ ನೇರ ಟರ್ಮಿನಲ್ಲಿಗೇ ಕಟ್ಟಿಸಿ. ಆಸಿಡ್ ಮತ್ತು ಕ್ಲೋರಿನ್ ಪೈಪಿಗೆ ಸೇರುವ ಜಾಗಗಳೂ ಒಂದಕ್ಕೊಂದು ದೂರ ಇರಬೇಕು, ಎರಡೂ ಹೀಟರ್ ದಾಟಿದ ಮೇಲೆ.

ಪರೀಕ್ಷೆ ಸುಲಭ. ಡೋಸಿಂಗ್ ನಡೆಯುತ್ತಿರುವಾಗ ದೊಡ್ಡ ಪಂಪಿನ ಎಂಸಿಬಿ ಕೆಳಗಿಳಿಸಿ. ಡೋಸಿಂಗ್ ಆ ಕ್ಷಣವೇ ನಿಲ್ಲಬೇಕು. ಪಂಪ್ ಓಡುತ್ತಿರುವಾಗ ಫ್ಲೋ ಸ್ವಿಚ್ಚಿನ ಒಂದು ವೈರನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಬಿಡಿಸಿಯೂ ನೋಡಿ. ಆಗಲೂ ನಿಲ್ಲಬೇಕು. ಪಂಪ್ ಯಾವ ಕಾರಣಕ್ಕಾದರೂ ನಿಂತು ಡೋಸಿಂಗ್ ನಡೆದಿತ್ತು ಅನ್ನುವ ಸಣ್ಣ ಅನುಮಾನ ಇದ್ದರೂ, ನೀರಲ್ಲಿರುವ ಎಲ್ಲರನ್ನೂ ಹೊರಗೆ ಕಳಿಸದೆ ಪಂಪ್ ಶುರು ಮಾಡಬೇಡಿ.

ಉಪ್ಪಿನ ಕ್ಲೋರಿನೇಟರ್ ಆದರೆ ಈ ಭಯ ಇಲ್ಲ ಅಲ್ವಾ?

ಬೇರೆ ಭಯ ಇದೆ. ಉಪ್ಪುನೀರಿನಲ್ಲಿ ಕರೆಂಟು ಹರಿಸಿ ಕ್ಲೋರಿನ್ ಮಾಡುವಾಗ ಹೈಡ್ರೋಜನ್ನೂ ಹುಟ್ಟುತ್ತದೆ. ನೀರು ಹರಿಯುತ್ತಿದ್ದರೆ ಅದು ಕೊಚ್ಚಿಕೊಂಡು ಹೋಗುತ್ತದೆ. ನಿಂತ ನೀರಲ್ಲಿ ಸೆಲ್ (ಕ್ಲೋರಿನ್ ಹುಟ್ಟುವ ಭಾಗ) ಓಡಿದರೆ ಪೈಪಿನೊಳಗೆ ಶೇಖರವಾಗಿ ಸಿಡಿಯಬಹುದು. ಇದಕ್ಕೂ ಅದೇ ಎರಡು ಬಾಗಿಲಿನ ನಿಯಮ. ಪಂಪನ್ನು ಕಡಿಮೆ ಸ್ಪೀಡಿನಲ್ಲಿ ಓಡಿಸುವಾಗ ಫ್ಲೋ ಸ್ವಿಚ್ ಸರಿಯಾಗಿ ಎಳೆಯುತ್ತದಾ ಅಂತಲೂ ನೋಡಿಕೊಳ್ಳಿ.

ಹೀಟರ್ ಜೋಡಿಸುವಾಗ ಏನು ನೋಡಬೇಕು?

ನೀರು ಹರಿಯದೆ ಹೀಟರ್ ಉರಿಯಬಾರದು, ಹೀಟರ್ ಆರಿದ ತಕ್ಷಣ ಪಂಪೂ ನಿಲ್ಲಬಾರದು. ಗ್ಯಾಸ್ ಹೀಟರಿನ ಒಳಗೆ ಬಿಸಿ ಉಳಿದಿರುತ್ತದೆ. ಅದು ಹೋಗುವ ತನಕ, ಅಂದರೆ ಮ್ಯಾನುಯಲ್ ಹೇಳುವಷ್ಟು ನಿಮಿಷ, ಪಂಪ್ ಓಡಬೇಕು. ಇಲ್ಲದಿದ್ದರೆ ಒಳಗಿನ ನೀರು ಕುದಿದು ಪ್ಲಾಸ್ಟಿಕ್ ಪೈಪು ಮೆತ್ತಗಾಗುತ್ತದೆ. ಹೀಟರಿನಲ್ಲೇ ಇರುವ ಪ್ರೆಷರ್ ಸ್ವಿಚ್ ಮತ್ತು ಹೈ ಲಿಮಿಟನ್ನು (ಬಿಸಿ ಮಿತಿ ಮೀರಿದರೆ ಆರಿಸುವ ಸ್ವಿಚ್ಚನ್ನು) ಯಾವ ಕಾರಣಕ್ಕೂ ಜಂಪರ್ ವೈರ್ ಹಾಕಿ ತಪ್ಪಿಸಬೇಡಿ.

ಕೆಲಸ ಮುಗಿದಿದೆ. ಮೊದಲ ಸಲ ಪವರ್ ಕೊಡುವ ಮುಂಚೆ ಏನೇನು ನೋಡಬೇಕು?

ಪ್ರತಿ ಟರ್ಮಿನಲ್ ಸ್ಕ್ರೂ ಸರಿಯಾದ ಬಿಗಿಯಲ್ಲಿದೆಯಾ, ವೈರ್ ಎಳೆದರೆ ಬರುತ್ತದಾ. ಎಳೆಎಳೆಯಾದ ವೈರಿಗೆ ಫೆರೂಲ್ (ತುದಿಗೆ ಒತ್ತಿ ಹಾಕುವ ಲೋಹದ ಕೊಳವೆ) ಅಥವಾ ಲಗ್ ಇದೆಯಾ, ಒಂದೆರಡು ಎಳೆ ಹೊರಗೆ ಉಳಿದಿದೆಯಾ. ಬಾಂಡಿಂಗ್ ಎಲ್ಲ ಕಡೆ ಮುಂದುವರಿದಿದೆಯಾ ಅಂತ ಮೀಟರ್ ಹಿಡಿದು ನೋಡಿಸಿ. 500 ವೋಲ್ಟ್ ಮೆಗ್ಗರಿನಲ್ಲಿ (ಇನ್ಸುಲೇಷನ್ ಅಳೆಯುವ ಮೀಟರಿನಲ್ಲಿ) ಇನ್ಸುಲೇಷನ್ ಕನಿಷ್ಠ 1 ಮೆಗಾಓಮ್ ಬರಬೇಕು. ಮೆಗ್ಗರ್ ಹಾಕುವ ಮುಂಚೆ ಕಂಟ್ರೋಲರ್ ಬೋರ್ಡ್, ಡ್ರೈವ್, ಸೆನ್ಸರ್‌ಗಳನ್ನು ಬಿಡಿಸಬೇಕು. ಮರೆತರೆ ಹೊಸ ಬೋರ್ಡು ಒಂದೇ ಏಟಿಗೆ ಹೋಗುತ್ತದೆ.

ಆಮೇಲೆ ಮೊದಲ ಬಾರಿ ಪಂಪ್ ಶುರು ಮಾಡುವಾಗ ವಾಲ್ವ್‌ಗಳೆಲ್ಲ ತೆರೆದಿರಲಿ, ಫಿಲ್ಟರಿನ ಮೇಲಿನ ಗಾಳಿ ಬಿಡುವ ವಾಲ್ವ್ ತೆರೆದಿರಲಿ. ಫಿಲ್ಟರಿನೊಳಗೆ ಅದುಮಿದ ಗಾಳಿ ಇದ್ದು ಮುಚ್ಚಳ ಸರಿ ಕೂರದಿದ್ದರೆ ಅದು ಹಾರಿ ತಲೆಗೆ ಬಡಿಯುತ್ತದೆ. ಗಾಳಿ ಹೋಗಿ ನೀರು ಬರುವ ತನಕ ಫಿಲ್ಟರಿನಿಂದ ದೂರ ನಿಂತುಕೊಳ್ಳಿ. ಇದು ಪ್ರತಿ ಸಲ ಫಿಲ್ಟರ್ ಬಿಚ್ಚಿ ಹಾಕಿದಾಗಲೂ ಅನ್ವಯ.

ಆರ್‌ಸಿಸಿಬಿ ಪದೇ ಪದೇ ಬೀಳುತ್ತಿದೆ. ಕೆಟ್ಟಿದೆಯಾ?

ಬಹುಪಾಲು ಸಲ ಅದು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿರುತ್ತದೆ. ಎಲ್ಲ ಲೋಡ್ ಬಿಡಿಸಿ, ಒಂದೊಂದಾಗಿ ಸೇರಿಸುತ್ತಾ ಬನ್ನಿ. ಮಳೆ ಬಂದ ಮೇಲಷ್ಟೇ ಬೀಳುತ್ತದೆಯಾ? ಜಂಕ್ಷನ್ ಬಾಕ್ಸಿಗೆ ನೀರು ಹೋಗಿದೆ. ಲೈಟ್ ಹಾಕಿದಾಗ ಬೀಳುತ್ತದೆಯಾ? ಲೈಟಿನ ಸೀಲ್ ಅಥವಾ ಕೇಬಲ್ ನೋಡಿ.

ಹೊಸ ಪ್ಯಾನಲ್ ಹಾಕಿದ ದಿನವೇ ಬೀಳಲು ಶುರುವಾಗಿದ್ದರೆ ಮೊದಲು ನ್ಯೂಟ್ರಲ್ ಬಾರ್ ನೋಡಿಸಿ. ಆರ್‌ಸಿಸಿಬಿಯಿಂದ ಹೊರಟ ಫೇಸ್ ಒಂದು ಲೋಡಿಗೆ ಹೋಗಿ, ಅದರ ನ್ಯೂಟ್ರಲ್ ಇನ್ನೊಂದು ಬಾರಿಗೆ ಸೇರಿದ್ದರೆ ಹೋದ ಕರೆಂಟಿಗೂ ಬಂದ ಕರೆಂಟಿಗೂ ಲೆಕ್ಕ ತಾಳೆಯಾಗುವುದಿಲ್ಲ. ನ್ಯೂಟ್ರಲ್ ಮತ್ತು ಅರ್ಥ್ ಪ್ಯಾನಲ್ ಒಳಗೆ ಎಲ್ಲೋ ತಾಗಿದ್ದರೂ ಹೀಗೇ ಆಗುತ್ತದೆ. ವೇರಿಯಬಲ್ ಸ್ಪೀಡ್ ಡ್ರೈವ್ ಇದ್ದರೆ ಆರ್‌ಸಿಸಿಬಿ ಯಾವ ಟೈಪ್ ಬೇಕು ಅಂತ ಪಂಪಿನ ಮ್ಯಾನುಯಲ್ ಹೇಳುತ್ತದೆ. ಟೈಪ್ ಎಸಿ ಅಲ್ಲಿ ಸಾಲದಿರಬಹುದು, ಟೈಪ್ ಎ, ಎಫ್ ಅಥವಾ ಬಿ ಬೇಕಾಗಬಹುದು.

ಮೊಬೈಲಿನಿಂದ ಪಂಪ್ ಹಾಕುವುದು ಸುರಕ್ಷಿತವಾ?

ನೋಡುವುದಕ್ಕೆ ಒಳ್ಳೆಯದು. ಆರಿಸುವುದಕ್ಕೂ ಒಳ್ಳೆಯದು. ಹಾಕುವಾಗ ಮಾತ್ರ ಅಲ್ಲಿ ಯಾರಾದರೂ ಕೆಲಸ ಮಾಡುತ್ತಿದ್ದಾರಾ, ಯಾರಾದರೂ ನೀರಲ್ಲಿದ್ದಾರಾ ಅಂತ ಫೋನ್ ಮಾಡಿ ಕೇಳಿ. ಪ್ಯಾನಲ್ ಬಳಿ ‘ಸರ್ವೀಸ್’ ಮೋಡಿಗೆ ಹಾಕಿದಾಗ ಆ್ಯಪಿನಿಂದ ಏನೂ ಶುರುವಾಗದ ಕಂಟ್ರೋಲರನ್ನೇ ಆರಿಸಿ. ಡಬ್ಬಿಯ ಜೊತೆ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಾಯಿಸಿ.

ನೀರಿಗಿಳಿದಾಗ ಅಥವಾ ಏಣಿ ಹಿಡಿದಾಗ ಜುಮ್ ಅನ್ನುತ್ತದೆ. ಸಣ್ಣದೇ, ಬಿಡಬಹುದಾ?

ಬಿಡಬಾರದು. ಎಲ್ಲರೂ ಹೊರಬರಲಿ, ಆದಷ್ಟು ಲೋಹದ ಏಣಿ ಹಿಡಿಯದೆ. ಕೊಳದ ಪವರನ್ನೆಲ್ಲ ಮೇನ್‌ನಲ್ಲೇ ಆಫ್ ಮಾಡಿ. ಆಫ್ ಮಾಡಿದ ಮೇಲೂ ಜುಮ್ ಅನ್ನುವುದು ಹೋಗದಿದ್ದರೆ ಕರೆಂಟು ಬೇರೆಲ್ಲಿಂದಲೋ ಬರುತ್ತಿದೆ, ಕೆಲವೊಮ್ಮೆ ಬೀದಿಯ ಲೈನಿನ ನ್ಯೂಟ್ರಲ್‌ನಿಂದ. ಅದಕ್ಕೆ ಆರ್‌ಸಿಸಿಬಿ ಬೀಳುವುದೂ ಇಲ್ಲ. ಇಂಥದ್ದಕ್ಕೆ ಕಾಪಾಡುವುದು ಸರಿಯಾದ ಬಾಂಡಿಂಗ್. ಇದನ್ನು ಪರೀಕ್ಷೆ ಮಾಡಲು ಇನ್ನೊಮ್ಮೆ ನೀರಿಗೆ ಇಳಿದು ನೋಡುವುದು ಬೇಡ, ಮೀಟರ್ ಇರುವವರನ್ನು ಕರೆಸಿ.

ನೀರಲ್ಲಿ ಯಾರಾದರೂ ಸೆಟೆದುಕೊಂಡಂತೆ ಕಂಡರೆ ಹಾರಬೇಡಿ. ಕಾಪಾಡಲು ಹೋದವರೂ ಸೇರಿ ಹೋದದ್ದು ಎಷ್ಟೋ ಸಲ ಆಗಿದೆ. ಮೊದಲು ಪವರ್ ಆಫ್, ಆಂಬುಲೆನ್ಸಿಗೆ ಫೋನ್ ಮಾಡಲು ಒಬ್ಬರಿಗೆ ಹೇಳಿ. ಟ್ಯೂಬ್ ಎಸೆಯಿರಿ, ಇಲ್ಲ ಫೈಬರ್ ಅಥವಾ ಒಣ ಮರದ ಕೋಲಿನಿಂದ ಎಳೆಯಿರಿ. ಕೊಳ ತೊಳೆಯುವ ಅಲ್ಯುಮಿನಿಯಂ ಕೋಲು ಬೇಡ. ಹೊರತೆಗೆದ ಮೇಲೆ ಉಸಿರಿಲ್ಲದಿದ್ದರೆ ತಕ್ಷಣ ಸಿಪಿಆರ್.

ಕೆಲಸ ಮುಗಿಸಿ ಹೋಗುವವರಿಂದ ಏನು ಕೇಳಿ ಪಡೆಯಬೇಕು?

ನಿಜವಾಗಿ ಮಾಡಿದ ವೈರಿಂಗಿನ ಚಿತ್ರ, ಡಬ್ಬಿಯಲ್ಲಿ ಬಂದ ಚಿತ್ರ ಅಲ್ಲ. ಪ್ರತಿ ಎಂಸಿಬಿಗೂ ಅಳಿಸದ ಹೆಸರಿನ ಚೀಟಿ. ಮೆಗ್ಗರ್, ಅರ್ಥಿಂಗ್, ಆರ್‌ಸಿಸಿಬಿ ಟೆಸ್ಟ್ ರೀಡಿಂಗ್‌ಗಳು ದಿನಾಂಕದ ಜೊತೆ. ಡೋಸಿಂಗ್ ಇಂಟರ್‌ಲಾಕನ್ನು ನಿಮ್ಮ ಕಣ್ಣೆದುರೇ ಮಾಡಿ ತೋರಿಸಲಿ. ವೈರಿಂಗ್ ಚಿತ್ರದ ಒಂದು ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಪ್ಯಾನಲ್ ಬಾಗಿಲಿನ ಒಳಬದಿಗೆ ಅಂಟಿಸಿ, ಇನ್ನೊಂದು ಮನೆಯಲ್ಲಿರಲಿ. ಮುಂದೆ ಯಾರೇ ಒಂದು ವೈರ್ ಬದಲಾಯಿಸಿದರೂ ಅದೇ ಹಾಳೆಯ ಮೇಲೆ ಪೆನ್ನಿನಿಂದ ಗುರುತು ಮಾಡಿ, ದಿನಾಂಕ ಹಾಕಿ ಹೋಗಲಿ.